ಜೂನಿನಲ್ಲಿ ಹಸಿವು, ಅಕ್ಟೋಬರಿನಲ್ಲಿ ಊಟ

ಉಳುಮೆ ಬಿಡಿ, ಮಣ್ಣಿನ ಮೈ ಮುಚ್ಚಿಡಿ, ಕೊಟ್ಟಿಗೆ ಗೊಬ್ಬರ ಮತ್ತು ದ್ವಿದಳ ಬೆಳೆಯನ್ನು ನಂಬಿ, ಚೀಲದ ಗೊಬ್ಬರವನ್ನು ದೂರವಿಡಿ. ಸುಸ್ಥಿರ ಕೃಷಿಯ ಈ ನಾಲ್ಕು ಮಾತು ಕೃಷಿ ಬರಹ ಓದುವ ಯಾರಿಗಾದರೂ ಬಾಯಿಪಾಠ. ನನಗೆ ಈ ಮಾತುಗಳ ಮೇಲೆ ಅಕ್ಕರೆಯಿದೆ. ಯೂರಿಯಾ ಚೆಲ್ಲಿದಷ್ಟೂ ಇಳುವರಿ ಎಂದು ನಂಬಿದ್ದ ಕಾಲಕ್ಕೆ ಇವು ಕೊಟ್ಟ ಉತ್ತರ ಇವತ್ತಿಗೂ ಬೇಕಾದದ್ದೇ. ಆದರೆ ಈ ಮಾತುಗಳ ಬೆನ್ನಿಗೆ ಅಂಟಿಕೊಂಡು ಇನ್ನೊಂದು ನಂಬಿಕೆ ಬಂದಿದೆ: ಮಣ್ಣು ಎಲ್ಲಿದ್ದರೂ ಮಣ್ಣೇ, ಒಂದು ಕಡೆ ಸರಿಯಾದದ್ದು ಎಲ್ಲ ಕಡೆಯೂ ಸರಿ. ನನ್ನ ಜಗಳ ಅದರ ಜೊತೆ. ವರ್ಷದ ಅರ್ಧಭಾಗ ಹೆಪ್ಪುಗಟ್ಟಿಯೋ ಮರಗಟ್ಟಿಯೋ ಇರುವ ನೆಲದಲ್ಲಿ ಈ ನಾಲ್ಕೂ ಮಾತು ಒಂದೊಂದಾಗಿ ತಲೆಕೆಳಗಾಗುವುದನ್ನು ನೋಡಬಹುದು. ಅದಕ್ಕೆ ಫಿನ್ಲೆಂಡಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಉತ್ತರ ಅಕ್ಷಾಂಶ 60ರಿಂದ 70 ಡಿಗ್ರಿಯ ನಡುವಿನ ದೇಶ ಅದು. ನೆಲದ ಹತ್ತರಲ್ಲಿ ಒಂದು ಪಾಲೂ ಹೊಲವಲ್ಲ. ಇರುವುದು ಇಪ್ಪತ್ತೆರಡು ಲಕ್ಷ ಹೆಕ್ಟೇರಿಗೆ ತುಸು ಮೇಲೆ. ಬಾರ್ಲಿ, ಓಟ್ಸ್, ಮೇವಿನ ಹುಲ್ಲು ಮುಖ್ಯ ಬೆಳೆಗಳು. ನೈಋತ್ಯ ಕರಾವಳಿಯಲ್ಲಿ ಗಿಡ ಬೆಳೆಯುವಷ್ಟು ಬೆಚ್ಚಗಿರುವ ದಿನಗಳು ಸುಮಾರು 180, ಉತ್ತರಕ್ಕೆ ಹೋದಂತೆ ಅದು ನೂರರ ಹತ್ತಿರಕ್ಕೆ ಇಳಿಯುತ್ತದೆ. ಇಷ್ಟು ಎಲ್ಲರೂ ಹೇಳುತ್ತಾರೆ, ಹೇಳಿ ‘ಕಡಿಮೆ ಕಾಲ, ಕಡಿಮೆ ಇಳುವರಿ’ ಎಂದು ಮುಗಿಸುತ್ತಾರೆ. ಕಾಲ ಕಡಿಮೆ ಎಂಬುದಕ್ಕಿಂತ ದೊಡ್ಡ ತೊಡಕೆಂದರೆ ಗಿಡದ ಕಾಲವೂ ಮಣ್ಣಿನ ಕಾಲವೂ ಅಲ್ಲಿ ಕೂಡಿಬರುವುದಿಲ್ಲ.

ಸಾರಜನಕವನ್ನೇ ನೋಡೋಣ. ಬಾರ್ಲಿ ಬಿತ್ತುವುದು ಮೇ ತಿಂಗಳಲ್ಲಿ. ಆ ಅಕ್ಷಾಂಶದಲ್ಲಿ ಬೇಸಿಗೆಯ ಹಗಲು ಹತ್ತೊಂಬತ್ತು ಗಂಟೆಯ ತನಕ ಹಿಗ್ಗುವುದರಿಂದ ಗಿಡ ಓಡೋಡಿ ಬೆಳೆಯುತ್ತದೆ. ಆರೇಳು ವಾರದೊಳಗೆ ತನಗೆ ಬೇಕಾದ ಸಾರಜನಕದ ಬಹುಪಾಲನ್ನು ಹೀರಿ ಮುಗಿಸಬೇಕು. ಆದರೆ ಸಗಣಿ, ಬೇರು, ಎಲೆಗಳಲ್ಲಿರುವ ಸಾರಜನಕವನ್ನು ಬಿಡಿಸಿಕೊಡಬೇಕಾದ ಸೂಕ್ಷ್ಮಜೀವಿಗಳಿಗೆ ಹಗಲಿನ ಉದ್ದ ಕಟ್ಟಿಕೊಂಡು ಏನಾಗಬೇಕು? ಅವಕ್ಕೆ ಬೇಕಾದದ್ದು ಶಾಖ. ಮೇ ತಿಂಗಳ ಮಣ್ಣು ಐದಾರು ಡಿಗ್ರಿಯಲ್ಲಿ ಮಲಗಿರುತ್ತದೆ. ಮಣ್ಣು ನಿಜವಾಗಿ ಬೆಚ್ಚಗಾಗುವುದು ಜುಲೈ, ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ಬಾರ್ಲಿ ತೆನೆ ಕಟ್ಟಿ ಒಣಗುತ್ತಿರುತ್ತದೆ. ಕೊಯ್ಲಾದ ಮೇಲೂ ಮಣ್ಣಿನಲ್ಲಿ ಬೆಚ್ಚನೆ ಉಳಿದಿರುತ್ತದೆ, ಶರತ್ಕಾಲದ ಮಳೆ ಹಿಡಿಯುತ್ತದೆ, ಸೂಕ್ಷ್ಮಜೀವಿಗಳು ಉತ್ಸಾಹದಿಂದ ನೈಟ್ರೇಟ್ ತಯಾರಿಸಿ ಬಡಿಸುತ್ತವೆ. ಎಲೆಯ ಮುಂದೆ ಉಣ್ಣುವವರು ಯಾರೂ ಇಲ್ಲ. ಫಿನ್ಲೆಂಡಿನ ಅರ್ಧಕ್ಕೂ ಹೆಚ್ಚು ಹೊಲಗಳ ಅಡಿಯಲ್ಲಿ ನೀರು ಬಸಿಯುವ ಕೊಳವೆಗಳಿವೆ. ಅಕ್ಟೋಬರ್, ನವೆಂಬರಿನ ಮಳೆಗೆ ಆ ನೈಟ್ರೇಟ್ ಕೊಳವೆಗಿಳಿದು, ಹಳ್ಳ ಸೇರಿ, ಬಾಲ್ಟಿಕ್ ಸಮುದ್ರದ ಪಾಲಾಗುತ್ತದೆ.

ಇದನ್ನು ಓದಿದ ಸಾವಯವದ ಗೆಳೆಯರು ಹೇಳುವ ಉತ್ತರ ನನಗೆ ಗೊತ್ತು: ‘ಕ್ಲೋವರ್ ಬೆಳೆಸಿ, ಹಸಿರೆಲೆ ಗೊಬ್ಬರವಾಗಿ ಉತ್ತುಬಿಡಿ.’ ಯಾವಾಗ ಉಳುವುದು? ಶರತ್ಕಾಲದಲ್ಲಿ ಉತ್ತರೆ ಕ್ಲೋವರ್ ಕೂಡಿಟ್ಟ ಸಾರಜನಕವೆಲ್ಲ ಚಳಿಗಾಲದಲ್ಲಿ ಸೋರುತ್ತದೆ. ವಸಂತದಲ್ಲಿ ಉಳೋಣವೆಂದರೆ ನೈಋತ್ಯದ ಜೇಡಿಮಣ್ಣು ಬಿಡುವುದಿಲ್ಲ. ಆ ಮಣ್ಣನ್ನು ಶರತ್ಕಾಲದಲ್ಲಿ ಉತ್ತು ಹೆಂಟೆಯಾಗಿ ಬಿಟ್ಟರೆ ಚಳಿಗಾಲದ ಹೆಪ್ಪು ಅದನ್ನು ಒಡೆದು ಪುಡಿ ಮಾಡಿ ಹದಕ್ಕೆ ತರುತ್ತದೆ. ವಸಂತದಲ್ಲಿ ಒದ್ದೆ ಜೇಡಿಗೆ ನೇಗಿಲು ಹಾಕಿದರೆ ಇಟ್ಟಿಗೆ ಸಿಗುತ್ತದೆ. ಒಂದು ಕೈಯಲ್ಲಿ ಪೋಷಕಾಂಶ, ಇನ್ನೊಂದು ಕೈಯಲ್ಲಿ ಹದ. ಎರಡೂ ಒಟ್ಟಿಗೆ ಬೇಕೆಂದರೆ ಆ ನೆಲ ಕೊಡುವುದಿಲ್ಲ.

ಬೆಚ್ಚನೆಯ ನೆಲದವರಾದ ನಮಗೆ ಈ ಸಂಕಟ ಹೊಳೆಯುವುದೇ ಕಷ್ಟ. ನಮ್ಮ ಕೆಂಪುಮಣ್ಣಿನ ದೂರು ಇದಕ್ಕೆ ತದ್ವಿರುದ್ಧ: ಎಷ್ಟು ಗೊಬ್ಬರ ಹಾಕಿದರೂ ಬಿಸಿಲಿಗೆ ಬೇಗ ಕರಗಿಹೋಗುತ್ತದೆ, ಸಾವಯವ ಇಂಗಾಲ ನಿಲ್ಲುವುದಿಲ್ಲ. ಬ್ರಿಟಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡ್ ತಮ್ಮ ಕಾಂಪೋಸ್ಟ್ ವಿಧಾನವನ್ನು ರೂಪಿಸಿದ್ದು 1924ರಿಂದ 1931ರವರೆಗೆ, ಇಂದೋರಿನಲ್ಲಿ. ಅಲ್ಲಿ ರಾಶಿ ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಸಾವಯವ ಕೃಷಿಯ ಮೂಲಗ್ರಂಥಗಳಲ್ಲಿ ಒಂದೆನಿಸಿದ ಅವರ 1940ರ ಪುಸ್ತಕದ ಆತ್ಮವಿಶ್ವಾಸದಲ್ಲಿ ಇಂದೋರಿನ ಬಿಸಿಲಿನ ಪಾಲು ಎಷ್ಟು ಎಂದು ಯುರೋಪಿನ ಓದುಗರು ಕೇಳಿಕೊಂಡಂತೆ ಕಾಣುವುದಿಲ್ಲ.

ಇನ್ನು ಮುಚ್ಚಿಗೆಯ ಮಾತು. ಇಲ್ಲಿ ವಾದ ಇನ್ನೂ ತೀಕ್ಷ್ಣವಾಗುತ್ತದೆ, ಏಕೆಂದರೆ ಇದು ಸರ್ಕಾರಗಳು ಹಣ ಕೊಟ್ಟು ಮಾಡಿಸಿದ ಕೆಲಸ. ಫಿನ್ಲೆಂಡ್ 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಬಂದ ಕೃಷಿ-ಪರಿಸರ ಯೋಜನೆಗಳಲ್ಲಿ ಚಳಿಗಾಲದಲ್ಲಿ ಹೊಲವನ್ನು ಉಳದೆ, ಕೂಳೆ ಅಥವಾ ಹಸಿರು ಹೊದಿಸಿ ಬಿಡುವುದಕ್ಕೆ ಸಹಾಯಧನ ಬಂತು. ತರ್ಕ ಸರಳ: ಉಳದಿದ್ದರೆ ಮಣ್ಣು ಕೊಚ್ಚಿಹೋಗುವುದಿಲ್ಲ, ಮಣ್ಣಿಗೆ ಅಂಟಿದ ರಂಜಕವೂ ಹೋಗುವುದಿಲ್ಲ. ಹಳ್ಳದ ನೀರು ತಿಳಿಯಾಯಿತು. ಫೋಟೋ ಚೆನ್ನಾಗಿ ಬಂತು. ಅಲ್ಲಿಯೇ ಮೋಸವೂ ಇತ್ತು.

ಕೊತ್ತಂಬರಿ ಸೊಪ್ಪನ್ನು ಫ್ರೀಜರಿನಲ್ಲಿ ಮರೆತು ಮರುದಿನ ಹೊರಗೆ ತೆಗೆದವರಿಗೆ ಇದರ ವಿಜ್ಞಾನ ಗೊತ್ತಿದೆ. ಸೊಪ್ಪು ಕಪ್ಪಾಗಿ ಜೋತು ಬಿದ್ದು ನೀರು ಬಿಡುತ್ತದೆ. ಹೆಪ್ಪುಗಟ್ಟಿದ ನೀರು ಜೀವಕೋಶಗಳನ್ನು ಸೀಳಿರುತ್ತದೆ, ಒಳಗಿನದ್ದೆಲ್ಲ ಹೊರಗೆ. ಚಳಿಗಾಲದ ಹೊಲದಲ್ಲಿ ನಿಂತ ಹಸಿರಿಗೂ ಇದೇ ಗತಿ. ಹೆಪ್ಪುಗಟ್ಟಿ ಕರಗುವ ಪ್ರತಿ ಸುತ್ತಿನಲ್ಲಿ ಎಲೆಯ ರಂಜಕ ನೀರಿನಲ್ಲಿ ಕರಗಿದ ರೂಪದಲ್ಲಿ ಹೊರಬರುತ್ತದೆ. ಜೊತೆಗೆ, ವರ್ಷಗಟ್ಟಲೆ ಉಳದ ಹೊಲದಲ್ಲಿ ಗೊಬ್ಬರದ ರಂಜಕ ಕೆಳಕ್ಕೆ ಇಳಿಯದೆ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ ಗುಡ್ಡೆಯಾಗುತ್ತದೆ. ವಸಂತದಲ್ಲಿ ಕೆಳಗಿನ ನೆಲ ಇನ್ನೂ ಹೆಪ್ಪಾಗಿರುವಾಗ ಹಿಮ ಕರಗಿದ ನೀರು ಹರಿಯುವುದೂ ಅದೇ ಪದರದ ಮೇಲೆ. ಫಿನ್ಲೆಂಡಿನ ಯೊಕಿಯೊಯಿನೆನ್‌ ಮತ್ತು ಔರಾ ನದಿ ಪ್ರದೇಶದ ಪ್ರಯೋಗ ಹೊಲಗಳಲ್ಲಿ ಉಳುಮೆ ಬಿಟ್ಟಾಗ ಮಣ್ಣಿನ ಸವಕಳಿ ಇಳಿಯಿತು, ಕರಗಿದ ರಂಜಕ ಏರಿತು. ಕೆನಡಾದ ಮ್ಯಾನಿಟೋಬಾದಲ್ಲಿ, ಸೌತ್ ಟೊಬ್ಯಾಕೊ ಹಳ್ಳದ ಜಲಾನಯನದಲ್ಲಿ ವರ್ಷಗಟ್ಟಲೆ ಅಳೆದು 2010ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಖಚಿತ: ಉಳುಮೆ ಕಡಿಮೆ ಮಾಡಿದ್ದರಿಂದ ಹೊಲದಿಂದ ಕೊಚ್ಚಿಹೋಗುವ ಮಣ್ಣು ಸುಮಾರು ಮೂರನೇ ಎರಡು ಪಾಲು ತಗ್ಗಿತು, ಸಾರಜನಕವೂ ಅಷ್ಟೇ ತಗ್ಗಿತು, ರಂಜಕ ಮಾತ್ರ ಶೇ. 12ರಷ್ಟು ಹೆಚ್ಚಾಯಿತು.

‘ಆದರೂ ಒಟ್ಟು ಲಾಭವೇ ಅಲ್ಲವೇ’ ಎನ್ನುವವರಿಗೆ ಬಾಲ್ಟಿಕ್ ಸಮುದ್ರವನ್ನು ತೋರಿಸಬೇಕು. ಸರಾಸರಿ ಆಳ ಸುಮಾರು 55 ಮೀಟರ್, ನೀರು ಪೂರ್ತಿ ಬದಲಾಗಲು ಮೂವತ್ತು ವರ್ಷದ ಹತ್ತಿರ ಬೇಕು. ಇಂಥ ಅರೆಮುಚ್ಚಿದ ಬೋಗುಣಿಯಲ್ಲಿ ಪಾಚಿಗೆ ತಕ್ಷಣ ಸಿಗುವುದು ಕರಗಿದ ರಂಜಕ. ಮಣ್ಣಿನ ಕಣಕ್ಕೆ ಅಂಟಿದ ರಂಜಕದಲ್ಲಿ ಒಂದು ಭಾಗ ಮಾತ್ರ, ಅದೂ ನಿಧಾನಕ್ಕೆ ಸಿಗುತ್ತದೆ. ಕಣ್ಣಿಗೆ ಕಾಣುವ ಕೆಸರನ್ನು ತಡೆದು ಕಣ್ಣಿಗೆ ಕಾಣದ ರಂಜಕವನ್ನು ಹೆಚ್ಚಿಸಿದರೆ ಅದನ್ನು ಲಾಭವೆಂದು ಲೆಕ್ಕ ಬರೆಯುವುದು ಹೇಗೆ? ಅಮೆರಿಕದ ಈರಿ ಸರೋವರದಲ್ಲಿ ಈ ಲೆಕ್ಕ ತಪ್ಪಿದ್ದು 2014ರ ಆಗಸ್ಟಿನಲ್ಲಿ ಎಲ್ಲರಿಗೂ ಕಂಡಿತು: ಪಾಚಿಯ ವಿಷದಿಂದಾಗಿ ಟೊಲೀಡೊ ನಗರದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನಲ್ಲಿ ನೀರು ಮುಟ್ಟದಂತಾಯಿತು. ಅಲ್ಲಿ ಕಾರಣ ಒಂದೇ ಅಲ್ಲ. ಜೋರು ಮಳೆ, ಬಸಿಗೊಳವೆ, ಮೇಲ್ಮೈಯಲ್ಲಿ ಎರಚಿದ ಗೊಬ್ಬರ ಎಲ್ಲವೂ ಸೇರಿವೆ. ಆದರೆ ಉಳುಮೆ ಬಿಟ್ಟದ್ದು ಆ ಪಟ್ಟಿಯಲ್ಲಿ ಇದೆ ಎಂಬುದನ್ನು ಮುಚ್ಚಿಗೆಯ ಪ್ರಚಾರಕರು ಇವತ್ತಿಗೂ ಮುಜುಗರದಿಂದಲೇ ಒಪ್ಪುತ್ತಾರೆ.

ಹಾಗೆಂದು ನೇಗಿಲಿನ ಪರ ವಕಾಲತ್ತು ವಹಿಸುತ್ತಿಲ್ಲ. ಇಳಿಜಾರಿನ ಹೊಲವನ್ನು ಶರತ್ಕಾಲದಲ್ಲಿ ಉತ್ತು ಬಿಡುವುದು ಅಲ್ಲಿಯೂ ತಪ್ಪೇ. ಒಂದು ಪೋಷಕಾಂಶಕ್ಕೆ ಮದ್ದಾದದ್ದು ಇನ್ನೊಂದಕ್ಕೆ ನಂಜಾಗಬಹುದು, ಅದನ್ನು ನಿರ್ಧರಿಸುವುದು ಹೆಪ್ಪು ಎಂದಷ್ಟೇ ಹೇಳುತ್ತಿದ್ದೇನೆ.

ನಾಲ್ಕನೆಯ ಮಾತಿಗೆ, ಚೀಲದ ಗೊಬ್ಬರಕ್ಕೆ ಬರುತ್ತೇನೆ. ನನ್ನ ಸಿಟ್ಟೂ ಮೆಚ್ಚುಗೆಯೂ ಹೆಚ್ಚಾಗಿ ಇರುವುದು ಇಲ್ಲಿ. ನಮ್ಮಲ್ಲಿ ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರ ಶಿಬಿರಗಳ ಮೂಲಕ ‘ಭೂಮಿ ಅನ್ನಪೂರ್ಣೆ’ ಎಂಬ ಮಾತು ಕರ್ನಾಟಕದ ಹಳ್ಳಿಹಳ್ಳಿಗೆ ಮುಟ್ಟಿದೆ: ಮಣ್ಣಿನಲ್ಲಿ ಎಲ್ಲ ಪೋಷಕಾಂಶವೂ ಇದೆ, ಬಿಡಿಸಿಕೊಡುವ ಜೀವಿಗಳನ್ನು ಎಬ್ಬಿಸಿದರೆ ಸಾಕು. ಮಾತಿನ ಮೊದಲರ್ಧ ಫಿನ್ಲೆಂಡಿನ ಮಟ್ಟಿಗೂ ಸುಳ್ಳಲ್ಲ. ಅಲ್ಲಿನ ಮಣ್ಣಿನಲ್ಲಿ ಸೆಲೆನಿಯಂ ಇದೆ, ತೀರಾ ಕಡಿಮೆಯೇನೂ ಇಲ್ಲ. ಆದರೆ ಮಣ್ಣು ಹುಳಿ, ಒದ್ದೆ. ಅಂಥ ಮಣ್ಣಿನಲ್ಲಿ ಸೆಲೆನಿಯಂ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಗೆ ಗಟ್ಟಿಯಾಗಿ ಅಂಟಿ ಕೂರುತ್ತದೆ, ಬೇರಿಗೆ ಸಿಗುವುದಿಲ್ಲ. ಅನ್ನಪೂರ್ಣೆಯ ಉಗ್ರಾಣ ತುಂಬಿದೆ, ಬಾಗಿಲಿಗೆ ಬೀಗ. ದನಕರುಗಳಿಗೆ ಸ್ನಾಯು ಬಿಳಿಚಿ ಕುಸಿಯುವ ಕಾಯಿಲೆ ಬರುತ್ತಿತ್ತು. ಜನ ದಿನಕ್ಕೆ ಉಣ್ಣುತ್ತಿದ್ದ ಸೆಲೆನಿಯಂ 0.04 ಮಿಲಿಗ್ರಾಂ ಕೂಡ ದಾಟುತ್ತಿರಲಿಲ್ಲ.

ಆ ದೇಶ ಮಾಡಿದ್ದು ಪ್ರಪಂಚದಲ್ಲಿ ಬೇರೆ ಯಾವ ದೇಶವೂ ರಾಷ್ಟ್ರಮಟ್ಟದಲ್ಲಿ ಜನರ ಆರೋಗ್ಯಕ್ಕೆಂದು ಮಾಡದ ಕೆಲಸ. 1984ರಲ್ಲಿ ಸರ್ಕಾರ ತೀರ್ಮಾನಿಸಿತು. 1985ರ ಬೆಳೆಯಿಂದ ಮಿಶ್ರ ರಸಗೊಬ್ಬರಗಳಿಗೆ ಸೋಡಿಯಂ ಸೆಲೆನೇಟ್ ಬೆರೆಸಲಾಯಿತು. ಧಾನ್ಯದ ಗೊಬ್ಬರಕ್ಕೆ ಕಿಲೋಗೆ 16 ಮಿಲಿಗ್ರಾಂ, ಮೇವಿನ ಗೊಬ್ಬರಕ್ಕೆ 6. ಕೆಲವೇ ವರ್ಷದಲ್ಲಿ ಗೋಧಿ, ಹಾಲು, ಮಾಂಸ ಎಲ್ಲದರಲ್ಲೂ ಸೆಲೆನಿಯಂ ಏರಿತು; ಜನರ ದಿನದ ಸೇವನೆ 0.1 ಮಿಲಿಗ್ರಾಂ ದಾಟಿತು. ಹೆಚ್ಚಾಯಿತು ಅನ್ನಿಸಿದಾಗ 1990ರ ದಶಕದ ಆರಂಭದಲ್ಲಿ ಎಲ್ಲ ಗೊಬ್ಬರಕ್ಕೂ 6ಕ್ಕೆ ಇಳಿಸಿದರು. ಕಡಿಮೆಯಾಯಿತು ಅನ್ನಿಸಿ 1998ರಲ್ಲಿ 10ಕ್ಕೆ, 2007ರಲ್ಲಿ 15ಕ್ಕೆ ಏರಿಸಿದರು. ಈ ಕೊನೆಯ ಲೆಕ್ಕದಲ್ಲಿ ಹೆಕ್ಟೇರಿಗೆ ಐನೂರು ಕಿಲೋ ಗೊಬ್ಬರ ಹಾಕಿದರೆ ಬೀಳುವ ಸೆಲೆನಿಯಂ ಏಳೂವರೆ ಗ್ರಾಂ. ಎರಡೂವರೆ ಎಕರೆಗೆ ಒಂದೂವರೆ ಚಮಚ ಉಪ್ಪಿನ ತೂಕ. ಅದರಲ್ಲಿ ಬೆಳೆಗೆ ದಕ್ಕುವುದು ಸಣ್ಣ ಪಾಲು. ಉಳಿದದ್ದು ಮತ್ತೆ ಅದೇ ಬೀಗದ ಕೋಣೆಗೆ ಹೋಗುವುದರಿಂದ ಪ್ರತಿವರ್ಷ ಹಾಕಲೇಬೇಕು.

ಇದನ್ನು ಮೆಚ್ಚುವಾಗ ಮಾತು ಅಳೆದು ಆಡಬೇಕು. ಸೆಲೆನಿಯಂ ಹಾಕಿದ್ದರಿಂದ ಫಿನ್ನರ ಹೃದ್ರೋಗ ಇಳಿಯಿತು ಎಂದು ಉತ್ಸಾಹಿಗಳು ಬರೆಯುವುದುಂಟು. ಅದಕ್ಕೆ ಪುರಾವೆ ಇಲ್ಲ. ಅಲ್ಲಿನ ಹೃದ್ರೋಗದ ಸಾವುಗಳು 1970ರ ದಶಕದಿಂದಲೇ ಇಳಿಯತೊಡಗಿದ್ದವು. 1972ರಲ್ಲಿ ಶುರುವಾದ ಉತ್ತರ ಕರೇಲಿಯಾ ಯೋಜನೆ, ಬೆಣ್ಣೆ ಮತ್ತು ತಂಬಾಕು ಬಿಡಿಸಿದ ಆ ಆಂದೋಲನ, ಹೆಚ್ಚು ನಂಬತಕ್ಕ ಕಾರಣ. ನಾನು ಮೆಚ್ಚುವುದು ಆ ಏರಿಳಿತವನ್ನು: 16, 6, 10, 15. ಪ್ರತಿವರ್ಷ ಗೋಧಿ, ಹಾಲು, ಜನರ ರಕ್ತ ಎಲ್ಲವನ್ನೂ ಅಳೆದು, ಅಳತೆ ಹೇಳಿದಂತೆ ಕೈ ಬಿಗಿ ಹಿಡಿದದ್ದು, ಸಡಿಲ ಬಿಟ್ಟದ್ದು. ಸುಸ್ಥಿರ ಎಂಬ ಪದಕ್ಕೆ ಇದಕ್ಕಿಂತ ಯೋಗ್ಯ ಅರ್ಥ ನನಗೆ ಸಿಕ್ಕಿಲ್ಲ. ಆದರೂ ಇದು ಸುಸ್ಥಿರ ಕೃಷಿಯ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಾಗಿಯೇ ಉಳಿದಿದೆ. ಕಾರಣ ಊಹಿಸುವುದು ಕಷ್ಟವಲ್ಲ: ಆ ಸೆಲೆನಿಯಂ ಬಂದದ್ದು ಚೀಲದಲ್ಲಿ. ಯುರೋಪಿನ ಸಾವಯವ ನಿಯಮದಂತೆ ಹೊಲಕ್ಕೆ ಅದನ್ನು ಹಾಕುವಂತಿಲ್ಲ. ಹಸುವಿನ ಬಾನಿಗೆ ಖನಿಜ ಪುಡಿಯಾಗಿ ಹಾಕಬಹುದು. ಅಂದರೆ ಸಾವಯವ ಹಾಲಿನಲ್ಲಿ ಸೆಲೆನಿಯಂ ಇರಬಹುದು, ಅಲ್ಲಿನ ಸಾವಯವ ರೊಟ್ಟಿಯಲ್ಲಿ ತೀರಾ ಕಡಿಮೆ. ಈ ಭೇದಕ್ಕೆ ಮಣ್ಣಿನ ವಿಜ್ಞಾನದಲ್ಲಿ ಆಧಾರ ಹುಡುಕಿದರೆ ಸಿಗದು.

ಇಷ್ಟಾದ ಮೇಲೆ ಎದುರು ಪಾಳೆಯದವರು ನನ್ನನ್ನು ತಮ್ಮವನೆಂದು ಅಪ್ಪಿಕೊಳ್ಳಲು ಬರುವ ಮೊದಲು ಅವರ ಲೆಕ್ಕವನ್ನೂ ನೋಡಬೇಕು. ಸ್ವೀಡನ್ನಿನ ಕೃಷಿ ವಿಜ್ಞಾನ ವಿಶ್ವವಿದ್ಯಾಲಯದ ಹೋಲ್ಗರ್ ಕಿರ್ಖ್‌ಮಾನ್ ಮತ್ತು ಲಾರ್ಸ್ ಬೆರ್ಗ್‌ಸ್ಟ್ರೋಮ್ 2008ರಲ್ಲಿ ಸಂಪಾದಿಸಿದ, ಸಾವಯವ ಬೆಳೆಯ ಆಶಯ ಮತ್ತು ಮಿತಿಗಳ ಕುರಿತ ಪುಸ್ತಕ ಈ ಪಾಳೆಯದ ಗಟ್ಟಿ ಗ್ರಂಥ. ಸಾವಯವ ಮೂಲದ ಸಾರಜನಕಕ್ಕೆ ಹೊತ್ತು ಗೊತ್ತಿಲ್ಲ, ಇಳುವರಿ ಕಡಿಮೆ, ಹಾಗಾಗಿ ಬೆಳೆದ ಪ್ರತಿ ಕಿಲೋಗೆ ಸೋರಿಕೆ ಹೆಚ್ಚು ಎಂಬ ಅವರ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ನೇರವಾಗಿ, ಅಲಂಕಾರವಿಲ್ಲದೆ ಹೇಳಿದ್ದಕ್ಕೆ ಗೌರವವೂ ಇದೆ. ಒಪ್ಪದಿರುವುದು ಅದರ ನೆರಳಿನಲ್ಲಿ ನುಸುಳಿಬರುವ ನೆಮ್ಮದಿಯನ್ನು: ಚೀಲದ ಗೊಬ್ಬರ ಅಳೆದು ಹಾಕುವಂಥದ್ದು, ಆದ್ದರಿಂದ ಹತೋಟಿಯಲ್ಲಿರುತ್ತದೆ ಎಂಬುದನ್ನು. ಅಳೆಯಬಹುದು ಎಂಬುದಕ್ಕೂ ಅಳೆದರು ಎಂಬುದಕ್ಕೂ ಅಂತರವಿದೆ. ಬಾಲ್ಟಿಕ್ ತೀರದ ಹೊಲಗಳಲ್ಲಿ ಇಂದು ಸೋರುತ್ತಿರುವ ರಂಜಕದ ಬಹುಭಾಗ ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ, ಬೆಳೆಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಸುರಿದ ಗೊಬ್ಬರದ ಉಳಿಕೆ. ಅದನ್ನು ಆಗ ಮಣ್ಣಿನ ಬ್ಯಾಂಕಿನಲ್ಲಿಟ್ಟ ಠೇವಣಿ ಎಂದು ಬಣ್ಣಿಸುತ್ತಿದ್ದರು. ಫಿನ್ಲೆಂಡಿನಲ್ಲಿ 1990ರ ದಶಕದಿಂದ ರಂಜಕದ ಬಳಕೆ ಹಿಂದಿನದರ ಚೂರು ಪಾಲಿಗೆ ಇಳಿದಿದೆ. ನದಿಗಳಲ್ಲಿ ರಂಜಕ ಅದೇ ವೇಗದಲ್ಲಿ ಇಳಿಯಲಿಲ್ಲ. ಠೇವಣಿಯ ಬಡ್ಡಿಯನ್ನು ಈಗ ಪಾಚಿ ತಿನ್ನುತ್ತಿದೆ.

ಇನ್ನು ಕೊಟ್ಟಿಗೆ ಗೊಬ್ಬರದ ಲೆಕ್ಕ. ಅದು ಎರಡೂ ಪಾಳೆಯದವರ ಬಾಯಿ ಕಟ್ಟಿಸುತ್ತದೆ. ಫಿನ್ಲೆಂಡಿನಲ್ಲಿ ದನ ಸಾಕುವ ಸೀಮೆ ಒಂದು, ಧಾನ್ಯ ಬೆಳೆಯುವ ಸೀಮೆ ಇನ್ನೊಂದು. ನೀರಾದ ಸಗಣಿಯನ್ನು ಲಾರಿಯಲ್ಲಿ ನೂರಾರು ಕಿಲೋಮೀಟರು ಸಾಗಿಸಿದರೆ ಅಸಲೂ ಹುಟ್ಟುವುದಿಲ್ಲ. ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ಹೊಲಕ್ಕೆ ಗೊಬ್ಬರ ಎರಚುವುದನ್ನು ಕಾನೂನು ನಿಷೇಧಿಸಿದೆ, ಸರಿಯಾಗಿಯೇ. ಹಾಗಾಗಿ ತೊಟ್ಟಿಗಳು ತುಂಬಿ ನಿಲ್ಲುತ್ತವೆ. ಬೆಳೆಗೆ ಬೇಕಾದ ಸಾರಜನಕವನ್ನು ಸಗಣಿಯಿಂದಲೇ ಪೂರೈಸಹೊರಟರೆ ರಂಜಕ ಮಿತಿಮೀರುತ್ತದೆ. ಈ ಗಣಿತಕ್ಕೆ ಸಿದ್ಧಾಂತ ಗೊತ್ತಿಲ್ಲ.

ಹಾಗಾದರೆ ಆ ನೆಲದ್ದೇ ಆದ ಬುದ್ಧಿ ಯಾವುದು? ನನ್ನ ಮಟ್ಟಿಗೆ ಅದು ಹುಲ್ಲು. ಟಿಮೊಥಿ ಮತ್ತು ಕೆಂಪು ಕ್ಲೋವರಿನ ಬಹುವಾರ್ಷಿಕ ಹುಲ್ಲುಗಾವಲಿನ ಬೇರು ಏಪ್ರಿಲಿನಲ್ಲಿ ಮಣ್ಣಿನೊಳಗೇ ಕಾಯುತ್ತಿರುತ್ತದೆ, ಅಕ್ಟೋಬರಿನಲ್ಲೂ ಬಾಯಿ ತೆರೆದಿರುತ್ತದೆ. ಬಾರ್ಲಿ ಎದ್ದುಹೋದ ಮೇಲೆ ಮಣ್ಣು ಬಡಿಸುವ ಊಟವನ್ನು ಉಣ್ಣಬಲ್ಲದ್ದು ಅದೊಂದೇ. ಅದಕ್ಕೆ ಇದ್ದ ಅಡ್ಡಿ ಒಣಗಿಸುವುದು: ಆ ಮೋಡ, ಆ ತೇವದಲ್ಲಿ ಕೊಯ್ದ ಹುಲ್ಲು ಕೊಳೆಯುತ್ತಿತ್ತು. 1920ರ ದಶಕದ ಕೊನೆಗೆ ಫಿನ್ಲೆಂಡಿನ ರಸಾಯನಶಾಸ್ತ್ರಜ್ಞ ಆರ್ತುರಿ ವಿರ್ತಾನೆನ್ ಹಸಿ ಮೇವಿಗೆ ಆಮ್ಲ ಬೆರೆಸಿ, ಹುಳಿಯ ಮಟ್ಟವನ್ನು ಪಿಎಚ್ 4ರ ಕೆಳಗಿಳಿಸಿ ಕೆಡದಂತೆ ಇಡುವ ರಸಮೇವಿನ ವಿಧಾನ ಕಂಡುಹಿಡಿದರು. ಅವರಿಗೆ 1945ರ ನೊಬೆಲ್ ಬಂದದ್ದು ಮುಖ್ಯವಾಗಿ ಇದಕ್ಕೆ. ಇದೇ ಮನುಷ್ಯ ದ್ವಿದಳ ಗಿಡಗಳ ಬೇರುಗಂಟು ಸಾರಜನಕವನ್ನು ಹಿಡಿಯುವ ಬಗೆಯನ್ನೂ ಜೀವನವಿಡೀ ಹುಡುಕಿದವರು. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಕ್ಲೋವರ್ ಅವರ ತಲೆಯಲ್ಲಿ ಜಗಳವಾಡಲಿಲ್ಲ. ಅವರನ್ನು ರಾಸಾಯನಿಕದವರೆಂದು ಕರೆಯುವುದೋ, ಸಾವಯವದವರೆಂದೋ? ಈ ಪ್ರಶ್ನೆಯೇ ನಮ್ಮ ಕಾಲದ ಪೆದ್ದುತನ.

ಹುಲ್ಲೂ ಪೂರ್ತಿ ನಿರಪರಾಧಿಯಲ್ಲ. ದೇಶದ ಹೊಲಗಳಲ್ಲಿ ಹತ್ತನೇ ಒಂದು ಭಾಗದಷ್ಟು ಪೀಟ್ ಮಣ್ಣು, ಸಾವಿರಾರು ವರ್ಷ ಕೊಳೆಯದೆ ಪದರಗಟ್ಟಿದ ಜೌಗಿನ ಪಾಚಿ. ಹಾಲಿನ ಸೀಮೆಯ ಹುಲ್ಲುಗಾವಲು ಎಷ್ಟೋ ಕಡೆ ಇದರ ಮೇಲೆ ನಿಂತಿದೆ. ನೀರು ಬಸಿದ ಆ ಮಣ್ಣು ಸಾರಜನಕವನ್ನು ಪುಕ್ಕಟೆ ಕೊಡುತ್ತದೆ. ಕೊಡುತ್ತಾ ತಾನೇ ಉರಿದು ಗಾಳಿಗೆ ಹೋಗುತ್ತದೆ. ಕೃಷಿಯಿಂದ ಹೊಮ್ಮುವ ಹಸಿರುಮನೆ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ಈ ಹತ್ತನೇ ಒಂದು ಪಾಲಿನಿಂದ.

ಕೊನೆಗೆ ಜಿಪ್ಸಮ್ಮಿನ ಕತೆ. ಪೂರ್ವ ಫಿನ್ಲೆಂಡಿನ ಸೀಲಿನ್‌ಯಾರ್ವಿಯಲ್ಲಿ ರಂಜಕದ ಗಣಿಯಿದೆ. ಅಲ್ಲಿನ ಅದಿರಿನಲ್ಲಿ ಕ್ಯಾಡ್ಮಿಯಂ ಬಹಳ ಕಡಿಮೆ. ಗೊಬ್ಬರಕ್ಕೆಂದು ಫಾಸ್ಫರಿಕ್ ಆಮ್ಲ ತೆಗೆದ ಮೇಲೆ ಉಳಿಯುವ ಜಿಪ್ಸಮ್ ದಶಕಗಳಿಂದ ಬಿಳಿ ಗುಡ್ಡವಾಗಿ ಬೆಳೆದಿದೆ. ಅದನ್ನು ಜೇಡಿಮಣ್ಣಿನ ಹೊಲಕ್ಕೆ ಹೆಕ್ಟೇರಿಗೆ ನಾಲ್ಕು ಟನ್ನಿನಂತೆ ಹರಡಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಕಣಕ್ಕೆ ಅಂಟಿದ ರಂಜಕವೂ ಕರಗಿದ ರಂಜಕವೂ ಎರಡೂ ಕಡಿಮೆ ಸೋರುತ್ತವೆ. 2016ರಲ್ಲಿ ನೈಋತ್ಯದ ಸಾವಿಯೊಕಿ ಹಳ್ಳದ ಸುತ್ತ ಸುಮಾರು 1,500 ಹೆಕ್ಟೇರಿನಲ್ಲಿ ಇದನ್ನು ಮಾಡಿ ನೋಡಿದರು, ಫಲ ಸಿಕ್ಕಿತು. ಪರಿಣಾಮ ಐದು ವರ್ಷದ ಆಸುಪಾಸು. ಸಲ್ಫೇಟ್ ಇರುವುದರಿಂದ ಸರೋವರಕ್ಕೆ ಹರಿಯುವ ಹೊಲಗಳಿಗೆ ಇದು ಆಗದು, ಸಮುದ್ರಕ್ಕೆ ಹರಿಯುವ ಕಡೆ ಮಾತ್ರ.

ಯುರೋಪಿನ ಸಾವಯವ ನಿಯಮಾವಳಿ ಜಿಪ್ಸಮ್ಮನ್ನು ಒಪ್ಪುತ್ತದೆ, ಪ್ರಕೃತಿಯಲ್ಲಿ ಸಿಕ್ಕಿದ್ದಾದರೆ ಮಾತ್ರ. ಸೀಲಿನ್‌ಯಾರ್ವಿಯ ಗುಡ್ಡ ಕಾರ್ಖಾನೆಯ ಉಳಿಕೆ. ಎರಡೂ ಅದೇ ಕ್ಯಾಲ್ಸಿಯಂ ಸಲ್ಫೇಟ್. ಹಾಗಾಗಿ ಒಂದೇ ಹಳ್ಳದ ದಂಡೆಯ ಅಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದರ ಮೇಲೆ ಆ ಗುಡ್ಡದ ಬಿಳಿ ಪುಡಿ ಬೀಳಬಹುದು, ಇನ್ನೊಂದರ ಮೇಲೆ ಬೀಳುವಂತಿಲ್ಲ. ಏಪ್ರಿಲಿನಲ್ಲಿ ಹಿಮ ಕರಗಿದಾಗ ಎರಡರ ನೀರೂ ಅದೇ ಹಳ್ಳಕ್ಕೆ ಇಳಿಯುತ್ತದೆ.